ಕ್ಯಾನ್ಸರ್ ಗೆದ್ದವರ ಮಡಿಲು ತುಂಬಬಹುದೇ?

ಮೂರು ವರ್ಷಗಳ ಹಿಂದಿನ ಮಾತು. ತಾಯಿಯೊಬ್ಬರು ಸೊಸೆಯನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. “ಮದುವೆಯಾಗಿ ಎರಡು ವರ್ಷ ಕಳೆಯಿತು ಡಾಕ್ಟ್ರೇ, ಇನ್ನೂ ಏನೂ ಇಲ್ಲ. ಇವಳಿಗೆ ಒಳ್ಳೆಯ ಮದ್ದು ಕೊಡಿ” ಎಂದರು. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಮುಟ್ಟು ಸರಿಯಾಗಿತ್ತು, ಸ್ಕ್ಯಾನಿಂಗ್‌ನಲ್ಲಿ ದೋಷವೇನೂ ಇರಲಿಲ್ಲ. ಆದರೂ ನಾನು ಮೂರು ತಿಂಗಳು ಅವಳಿಗೇ ಮಅಜೂನ್ ಕೊಟ್ಟೆ. ನಾಲ್ಕನೇ ತಿಂಗಳು ಪತಿಯನ್ನು ಕರೆಸಿದೆ. ಆತನ ಕುತ್ತಿಗೆಯ ಬುಡದಲ್ಲಿ ಹಳೆಯ ಗಾಯದ ಗುರುತಿತ್ತು. ಏನೆಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದ: “22ನೇ ವಯಸ್ಸಿನಲ್ಲಿ ಲಿಂಫೋಮಾ ಆಗಿತ್ತು. ಕೀಮೊ ಆಯಿತು. ಈಗ ಪೂರ್ತಿ ಗುಣವಾಗಿದೆ. ಉಮ್ಮ ಯಾರಿಗೂ ಹೇಳಬೇಡ ಅಂದಿದ್ರು.”

ವೀರ್ಯ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ.

ಆ ದಿನ ಇಬ್ಬರ ತಪ್ಪು ನನಗೆ ಕಾಣಿಸಿತು. ಒಂದು, ವಿಷಯ ಮುಚ್ಚಿಟ್ಟ ಕುಟುಂಬದ್ದು. ಇನ್ನೊಂದು ನನ್ನದು. ಗಂಡನನ್ನು ಒಂದು ಮಾತೂ ಕೇಳದೆ ಹೆಂಡತಿಗೆ ಮೂರು ತಿಂಗಳು ಮದ್ದು ಕೊಟ್ಟವನು ನಾನು. ಅಂದಿನಿಂದ ನನ್ನ ಬಳಿ ಬರುವ ಪ್ರತಿಯೊಂದು ದಂಪತಿಗೂ ಮೊದಲ ದಿನವೇ ಕೇಳುತ್ತೇನೆ: “ನಿಮ್ಮಿಬ್ಬರಲ್ಲಿ ಯಾರಿಗಾದರೂ ಹಿಂದೆ ದೊಡ್ಡ ಕಾಯಿಲೆ ಬಂದಿತ್ತೇ? ಕೀಮೊ ಅಥವಾ ಕರೆಂಟ್ ಕೊಡಿಸಿದ್ದೀರಾ?”

ಈ ಲೇಖನವನ್ನು ಎರಡು ರೀತಿಯ ಓದುಗರಿಗಾಗಿ ಬರೆಯುತ್ತಿದ್ದೇನೆ. ಮೊದಲನೆಯವರು, ಮನೆಯ ಮಗ ಅಥವಾ ಮಗಳಿಗೆ ಈಗಷ್ಟೇ ಕ್ಯಾನ್ಸರ್ ಎಂದು ತಿಳಿದು ಚಿಕಿತ್ಸೆಗೆ ಸಿದ್ಧರಾಗುತ್ತಿರುವವರು. ಎರಡನೆಯವರು, ಚಿಕಿತ್ಸೆ ಮುಗಿಸಿ ಗುಣಮುಖರಾಗಿ, ಈಗ ಮದುವೆ ಮತ್ತು ಮಕ್ಕಳ ಬಗ್ಗೆ ಯೋಚಿಸುತ್ತಿರುವವರು. ಇಬ್ಬರಿಗೂ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ಯಾನ್ಸರ್ ಬಂದು ಹೋದವರಲ್ಲಿ ಎಷ್ಟೋ ಮಂದಿ ತಾಯಿ ತಂದೆಯಾಗಿದ್ದಾರೆ. ಎಲ್ಲರಿಗೂ ಆಗುತ್ತದೆ ಎಂದು ಹೇಳಲಾಗದು. ಆದರೆ ಸಕಾಲದಲ್ಲಿ ಕೇಳಿದವರಿಗೆ ದಾರಿಗಳು ಹೆಚ್ಚು.

ಚಿಕಿತ್ಸೆಯಿಂದ ಏನಾಗುತ್ತದೆ?

ಕ್ಯಾನ್ಸರ್ ಕೋಶಗಳು ಬೇಗ ಬೇಗ ವೃದ್ಧಿಯಾಗುತ್ತವೆ. ಕೀಮೊ ಔಷಧಿ ಹಾಗೆ ವೃದ್ಧಿಯಾಗುವ ಕೋಶಗಳನ್ನು ನಾಶ ಮಾಡುತ್ತದೆ. ವೃಷಣದಲ್ಲಿ ವೀರ್ಯಾಣುಗಳನ್ನು ತಯಾರಿಸುವ ಕೋಶಗಳೂ ಬೇಗ ವೃದ್ಧಿಯಾಗುವಂಥವು. ಆದ್ದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ. ಮೂಲ ಕೋಶಗಳು ಸ್ವಲ್ಪ ಉಳಿದಿದ್ದರೆ ಒಂದೆರಡು ವರ್ಷಗಳಲ್ಲಿ, ಕೆಲವರಲ್ಲಿ ಇನ್ನೂ ತಡವಾಗಿ, ವೀರ್ಯಾಣುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಮೂಲ ಕೋಶಗಳೇ ನಾಶವಾಗಿದ್ದರೆ ಕಾಣಿಸಿಕೊಳ್ಳುವುದಿಲ್ಲ.

ಹೆಣ್ಣಿನ ವಿಷಯ ಬೇರೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಹೊಸದಾಗಿ ಸೇರುವುದಿಲ್ಲ. ಕಣಜದಲ್ಲಿ ಕೂಡಿಟ್ಟ ಭತ್ತದಂತೆ, ತೆಗೆದಷ್ಟೂ ಕಡಿಮೆಯಾಗುತ್ತದೆ. ಕೀಮೊ ಆ ಕಣಜವನ್ನು ಒಮ್ಮೆಲೇ ಬರಿದು ಮಾಡಬಹುದು. ಇಪ್ಪತ್ತರ ಹುಡುಗಿಯ ಕಣಜ ತುಂಬಿರುವುದರಿಂದ ಪೆಟ್ಟು ತಿಂದರೂ ಸ್ವಲ್ಪ ಉಳಿಯುವ ಸಾಧ್ಯತೆ ಹೆಚ್ಚು. ಮೂವತ್ತೈದು ದಾಟಿದವಳಲ್ಲಿ ಉಳಿಯುವುದು ಕಡಿಮೆ.

ಎಲ್ಲ ಔಷಧಿಗಳೂ ಒಂದೇ ರೀತಿಯವಲ್ಲ. ಸೈಕ್ಲೋಫಾಸ್ಫಮೈಡ್, ಪ್ರೊಕಾರ್ಬಝೀನ್, ಬುಸಲ್ಫಾನ್, ಮೆಲ್ಫಲಾನ್ ಮುಂತಾದವು ಸಂತಾನಶಕ್ತಿಗೆ ಹೆಚ್ಚು ಹಾನಿ ಮಾಡುತ್ತವೆ. ಅಸ್ಥಿಮಜ್ಜೆ ಕಸಿಗೆ ಮೊದಲು ಕೊಡುವ ಭಾರೀ ಪ್ರಮಾಣದ ಕೀಮೊ ಇನ್ನೂ ಅಪಾಯಕಾರಿ. ಹೊಟ್ಟೆಯ ಕೆಳಭಾಗಕ್ಕೆ ಕೊಡುವ ವಿಕಿರಣ, ಅಂದರೆ ನಮ್ಮ ಜನ ಹೇಳುವ ‘ಕರೆಂಟ್’, ಅಂಡಾಶಯಕ್ಕೆ ಮಾತ್ರವಲ್ಲ, ಗರ್ಭಕೋಶಕ್ಕೂ ಹಾನಿ ಮಾಡುತ್ತದೆ. ಮುಂದೆ ಗರ್ಭ ನಿಂತರೂ ಗರ್ಭಪಾತ ಅಥವಾ ಅವಧಿಗೆ ಮುನ್ನ ಹೆರಿಗೆಯ ಭಯವಿರುತ್ತದೆ. ಮೆದುಳಿಗೆ ಕೊಡುವ ವಿಕಿರಣವು ಪಿಟ್ಯುಟರಿ ಗ್ರಂಥಿಯನ್ನು ಕೆಡಿಸಿ ಹಾರ್ಮೋನುಗಳನ್ನು ಏರುಪೇರು ಮಾಡಬಹುದು.

ಚಿಕಿತ್ಸೆಗೆ ಮೊದಲು ಕೇಳಬೇಕಾದ ಒಂದು ಪ್ರಶ್ನೆ

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದಾಗ ಮನೆಯವರಿಗೆ ಜೀವ ಉಳಿದರೆ ಸಾಕು ಎನಿಸುತ್ತದೆ. ಅದು ಸಹಜ. ಆದರೆ ಆ ಗಡಿಬಿಡಿಯಲ್ಲೂ ವೈದ್ಯರನ್ನು ಹೀಗೆ ಕೇಳಿ: “ಈ ಚಿಕಿತ್ಸೆಯಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಇದೆಯೇ? ಈಗಲೇ ಏನಾದರೂ ಮಾಡಿಡಬಹುದೇ?” ಕ್ಯಾನ್ಸರ್ ವೈದ್ಯರ ಬಳಿ ಪ್ರತಿದಿನ ದೊಡ್ಡ ಸಾಲಿರುತ್ತದೆ. ಅವರಾಗಿಯೇ ಹೇಳಲಿ ಎಂದು ಕಾಯಬೇಡಿ. ಮಗ ಕೇಳಲು ನಾಚುತ್ತಾನೆ, ಮಗಳು ಬಾಯಿ ಬಿಡುವುದಿಲ್ಲ. ತಂದೆ ತಾಯಿಯೇ ಕೇಳಬೇಕು.

ಗಂಡಸರಿಗೆ ಉಪಾಯ ಸುಲಭ. ಕೀಮೊ ಆರಂಭಿಸುವ ಮೊದಲು ವೀರ್ಯವನ್ನು ಕೊಟ್ಟು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಿಸಬಹುದು. ಒಂದೆರಡು ದಿನಗಳ ಕೆಲಸ. ಖರ್ಚೂ ಹೆಣ್ಣುಮಕ್ಕಳ ಅಂಡಾಣು ಸಂರಕ್ಷಣೆಯ ಖರ್ಚಿನ ಸಣ್ಣ ಪಾಲು ಅಷ್ಟೇ. ಕಾಯಿಲೆಯಿಂದಾಗಿ ವೀರ್ಯಾಣು ಕಡಿಮೆ ಇದ್ದರೂ ನಿರಾಶರಾಗಬೇಕಿಲ್ಲ. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೂಜಿಯಿಂದ ಸೇರಿಸುವ ಇಕ್ಸಿ ವಿಧಾನ 1992ರಿಂದಲೇ ಇದೆ. ಆದರೆ ಕೀಮೊದ ಮೊದಲ ಡೋಸ್ ಆದ ನಂತರ ಕೊಟ್ಟ ವೀರ್ಯ ಸುರಕ್ಷಿತವೆಂದು ಹೇಳಲಾಗದು. ಆದ್ದರಿಂದ ಒಂದು ದಿನದ ವ್ಯತ್ಯಾಸವೂ ದೊಡ್ಡದು.

ಹೆಂಗಸರಿಗೆ ಸುಮಾರು ಎರಡು ವಾರ ಬೇಕು. ದಿನವೂ ಹಾರ್ಮೋನ್ ಚುಚ್ಚುಮದ್ದು ಕೊಟ್ಟು, ಹಲವು ಅಂಡಾಣುಗಳು ಒಟ್ಟಿಗೆ ಬಲಿಯುವಂತೆ ಮಾಡಿ, ಅವುಗಳನ್ನು ತೆಗೆದಿಡುತ್ತಾರೆ. ಮುಟ್ಟಿನ ಯಾವ ದಿನದಲ್ಲಾದರೂ ಇದನ್ನು ಆರಂಭಿಸಬಹುದು. ಮದುವೆಯಾಗಿದ್ದರೆ ಪತಿಯ ವೀರ್ಯದೊಂದಿಗೆ ಸೇರಿಸಿ ಭ್ರೂಣವಾಗಿಯೂ ಇರಿಸಬಹುದು. ನಮ್ಮ ದೇಶದ 2021ರ ಕಾಯ್ದೆಯ ಪ್ರಕಾರ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎಂಬುದು ನೆನಪಿರಲಿ. ಸ್ತನದ ಕ್ಯಾನ್ಸರ್ ಇರುವವರಿಗೆ ಈಸ್ಟ್ರೋಜನ್ ಏರದಂತೆ ಲೆಟ್ರೋಝೋಲ್ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ.

ಎರಡು ವಾರ ಕಾಯುವಷ್ಟು ಸಮಯವಿಲ್ಲದಿದ್ದರೆ, ಅಥವಾ ಹುಡುಗಿ ಇನ್ನೂ ಮೈನೆರೆದಿಲ್ಲದಿದ್ದರೆ, ಅಂಡಾಶಯದ ಒಂದು ತುಂಡನ್ನೇ ತೆಗೆದಿಟ್ಟು ಮುಂದೆ ಮರುಜೋಡಿಸುವ ವಿಧಾನವಿದೆ. ಹೀಗೆ ಜೋಡಿಸಿದ ನಂತರ ಮಗು ಹುಟ್ಟಿದ ಮೊದಲ ವರದಿ 2004ರಲ್ಲಿ ಬೆಲ್ಜಿಯಂನಿಂದ ಬಂತು. ಆದರೆ ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಆ ತುಂಡಿನೊಂದಿಗೆ ಕ್ಯಾನ್ಸರ್ ಕೋಶಗಳೂ ಮರಳುವ ಅಪಾಯವಿದೆ. ಹೊಟ್ಟೆಗೆ ವಿಕಿರಣ ಕೊಡುವುದಿದ್ದರೆ ಅಂಡಾಶಯಗಳನ್ನು ಶಸ್ತ್ರಕ್ರಿಯೆಯಿಂದ ಮೇಲಕ್ಕೆ ಸರಿಸಿಡುತ್ತಾರೆ. ಕೀಮೊ ಜೊತೆಗೆ ತಿಂಗಳಿಗೊಮ್ಮೆ ಕೊಡುವ ಗೊಸೆರೆಲಿನ್ ಚುಚ್ಚುಮದ್ದು ಅಂಡಾಶಯಕ್ಕೆ ತಕ್ಕಮಟ್ಟಿನ ರಕ್ಷಣೆ ನೀಡುತ್ತದೆ. ಆದರೆ ಅದೊಂದನ್ನೇ ನಂಬಿ ಅಂಡಾಣು ಸಂರಕ್ಷಣೆಯನ್ನು ಬಿಡಬಾರದು.

ಇನ್ನು, ಕಾಯಿಲೆ ತೀವ್ರವಾಗಿದ್ದು ಒಂದು ದಿನವೂ ಕಾಯುವಂತಿಲ್ಲ ಎಂದು ವೈದ್ಯರು ಹೇಳಿದರೆ, ಚಿಕಿತ್ಸೆಯೇ ಮೊದಲು. ಜೀವಕ್ಕಿಂತ ದೊಡ್ಡ ಅಮಾನತ್ತು ಬೇರೊಂದಿಲ್ಲ.

ಇದು ಜಾಇಝ್ ಆಗಿದೆಯೇ?

ನನ್ನ ಬಳಿ ಬರುವ ಹೆಚ್ಚಿನವರ ಮೊದಲ ಅಳುಕು ಇದೇ. ನಾನು ವೈದ್ಯ, ಮುಫ್ತಿಯಲ್ಲ. ಆದರೆ ಪ್ರಮುಖ ಫಿಕ್‌ಹ್ ಮಂಡಳಿಗಳ ನಿಲುವು ಏನೆಂದು ಹೇಳಬಲ್ಲೆ. ಪ್ರನಾಳ ಶಿಶುವಿನ ಬಗ್ಗೆ 1980ರಲ್ಲೇ ಈಜಿಪ್ಟಿನ ಅಲ್ ಅಝ್‌ಹರ್ ಫತ್ವಾ ನೀಡಿತು. 1986ರಲ್ಲಿ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯೂ ತೀರ್ಮಾನ ನೀಡಿತು. ಸಾರ ಇಷ್ಟು: ಪತಿಯ ವೀರ್ಯ, ಪತ್ನಿಯ ಅಂಡಾಣು, ಪತ್ನಿಯದೇ ಗರ್ಭಕೋಶ, ಮತ್ತು ನಿಕಾಹ್ ಊರ್ಜಿತದಲ್ಲಿರುವ ಕಾಲ. ಈ ಮಿತಿಯೊಳಗೆ ಅಗತ್ಯವಿದ್ದಾಗ ಚಿಕಿತ್ಸೆ ಪಡೆಯಬಹುದು. ಮೂರನೆಯವರ ವೀರ್ಯ, ಅಂಡಾಣು ಅಥವಾ ಬಾಡಿಗೆ ಗರ್ಭವನ್ನು ಸುನ್ನೀ ವಿದ್ವಾಂಸರಲ್ಲಿ ಬಹುತೇಕರು ಒಪ್ಪುವುದಿಲ್ಲ. ತಲಾಕ್ ಆದ ಬಳಿಕ ಅಥವಾ ಪತಿ ತೀರಿಕೊಂಡ ಬಳಿಕ ಇರಿಸಿದ್ದನ್ನು ಬಳಸುವುದಕ್ಕೂ ಅವರ ಒಪ್ಪಿಗೆಯಿಲ್ಲ.

ಅವಿವಾಹಿತರು ತಮ್ಮದನ್ನು ಮುಂದಿನ ದಾಂಪತ್ಯಕ್ಕಾಗಿ ಇರಿಸುವ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬೇರೆಯವರದರೊಂದಿಗೆ ಬೆರೆಯಬಾರದು, ನಿಕಾಹ್‌ನ ಹೊರಗೆ ಬಳಕೆಯಾಗಬಾರದು ಎಂಬ ಷರತ್ತಿನ ಮೇಲೆ ಅನುಮತಿಸಿದವರಿದ್ದಾರೆ. ವೀರ್ಯ ಸಂಗ್ರಹಿಸುವ ರೀತಿಯ ಬಗ್ಗೆಯೂ ಯುವಕರಿಗೆ ಸಂಕೋಚವಿರುತ್ತದೆ. ವಿವಾಹಿತರಾದರೆ ಪತ್ನಿಯ ಜೊತೆಯಲ್ಲೇ, ಅದಕ್ಕೆಂದೇ ಸಿಗುವ ವಿಶೇಷ ಕಾಂಡೋಮ್ ಬಳಸಿ ಸಂಗ್ರಹಿಸಬಹುದು. ಅವಿವಾಹಿತರು ಚಿಕಿತ್ಸೆಯ ಅನಿವಾರ್ಯತೆಯನ್ನು ವಿವರಿಸಿ ತಾವು ನಂಬುವ ಆಲಿಮರನ್ನು ಕೇಳಲಿ. ಆದರೆ ಅಂದೇ ಕೇಳಲಿ. ಮುಂದಿನ ಶುಕ್ರವಾರ ನೋಡೋಣ ಎಂದರೆ ಅಷ್ಟರಲ್ಲಿ ಮೊದಲ ಕೀಮೊ ಆಗಿಹೋಗಿರುತ್ತದೆ.

ಚಿಕಿತ್ಸೆ ಮುಗಿದಿದೆ, ಎಷ್ಟು ಕಾಯಬೇಕು?

ಮೊದಲು ಒಂದು ಎಚ್ಚರಿಕೆ. ಕೀಮೊ ನಡೆಯುತ್ತಿರುವಾಗ ಗರ್ಭ ಧರಿಸಬಾರದು. ಮುಟ್ಟು ನಿಂತಿದೆ ಎಂದು ನಿರ್ಲಕ್ಷಿಸಬೇಡಿ. ಮುಟ್ಟು ನಿಂತವರಲ್ಲೂ ಗರ್ಭ ನಿಂತದ್ದಿದೆ. ಹಾಗೆಯೇ ಮುಟ್ಟು ಮರಳಿ ಬಂದ ಮಾತ್ರಕ್ಕೆ ಅಂಡಾಣುಗಳು ಸಾಕಷ್ಟಿವೆ ಎಂದೂ ಅರ್ಥವಲ್ಲ.

ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಔಷಧಿಯ ಪೆಟ್ಟು ಬಿದ್ದ ವೀರ್ಯಾಣುಗಳು ಪೂರ್ತಿ ಹೊರಹೋಗಲೆಂದು ಗಂಡಸರಿಗೆ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಾಯಲು ಹೇಳುತ್ತಾರೆ. ಹೆಂಗಸರಿಗೂ ಆರು ತಿಂಗಳಿಗೆ ಕಡಿಮೆಯಿಲ್ಲ. ಕ್ಯಾನ್ಸರ್ ಮರುಕಳಿಸುವ ಸಂಭವ ಮೊದಲ ಎರಡು ವರ್ಷಗಳಲ್ಲಿ ಹೆಚ್ಚಿರುವ ಕಾಯಿಲೆಗಳಲ್ಲಿ ಎರಡು ವರ್ಷ ಕಾಯಿಸುತ್ತಾರೆ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್ ವಿಕಿರಣ ಪಡೆದ ಹೆಂಗಸರು ಆರರಿಂದ ಹನ್ನೆರಡು ತಿಂಗಳು ಕಾಯಬೇಕು. ಇಮಾಟಿನಿಬ್‌ನಂಥ ಮಾತ್ರೆ ಸೇವಿಸುತ್ತಿರುವವರು ಅದರಲ್ಲಿ ಗರ್ಭ ಧರಿಸಬಾರದು, ತಾವಾಗಿಯೇ ಮಾತ್ರೆ ನಿಲ್ಲಿಸಲೂಬಾರದು.

ಸ್ತನದ ಕ್ಯಾನ್ಸರ್ ಆದವರಲ್ಲಿ ಅನೇಕರು ಐದರಿಂದ ಹತ್ತು ವರ್ಷ ಟಾಮೊಕ್ಸಿಫೆನ್‌ನಂಥ ಮಾತ್ರೆ ಸೇವಿಸಬೇಕು. ಅಷ್ಟರಲ್ಲಿ ವಯಸ್ಸು ಮೀರುತ್ತದೆ. ಇವರಿಗೆ 2023ರಲ್ಲಿ ಸಮಾಧಾನದ ಸುದ್ದಿ ಬಂತು. ‘ಪಾಸಿಟಿವ್’ ಎಂಬ ಹೆಸರಿನ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, 42 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಐನೂರಕ್ಕೂ ಹೆಚ್ಚು ಮಹಿಳೆಯರು 18ರಿಂದ 30 ತಿಂಗಳು ಮಾತ್ರೆ ಸೇವಿಸಿ, ನಂತರ ವೈದ್ಯರ ನಿಗಾದಲ್ಲಿ ಗರ್ಭಕ್ಕಾಗಿ ಎರಡು ವರ್ಷದವರೆಗೆ ನಿಲ್ಲಿಸಿದರು. ಅವರಲ್ಲಿ ಸುಮಾರು ನೂರಕ್ಕೆ 64 ಮಂದಿಗೆ ಮಗುವಾಯಿತು. ಮೂರು ವರ್ಷಗಳ ಲೆಕ್ಕದಲ್ಲಿ ಕ್ಯಾನ್ಸರ್ ಮರಳಿದ ಪ್ರಮಾಣ, ಮಾತ್ರೆ ನಿಲ್ಲಿಸದವರಿಗಿಂತ ಹೆಚ್ಚಿರಲಿಲ್ಲ. ದೀರ್ಘಕಾಲದ ಫಲಿತಾಂಶಕ್ಕಾಗಿ ಅವರನ್ನು ಇನ್ನೂ ಗಮನಿಸಲಾಗುತ್ತಿದೆ. ಮಾತ್ರೆ ನಿಲ್ಲಿಸಿದ ಮೇಲೂ ಅದು ದೇಹದಿಂದ ಹೊರಹೋಗಲು ಸುಮಾರು ಮೂರು ತಿಂಗಳು ಬಿಟ್ಟು ಪ್ರಯತ್ನಿಸಬೇಕು. ಹೆರಿಗೆಯ ನಂತರ ಮಾತ್ರೆಯನ್ನು ಮರಳಿ ಆರಂಭಿಸಬೇಕು, ಆಗ ಹಾಲೂಡಿಸುವಂತಿಲ್ಲ. ಮಾತ್ರೆ ಇಲ್ಲದ ಅವಧಿಯಲ್ಲಿ ಆರೋಗ್ಯವಾಗಿರುವ ಒಂದು ಸ್ತನದಿಂದಲೂ ಮಗುವಿಗೆ ಹಾಲು ಕೊಡಬಹುದು.

ಮಾಡಿಸಬೇಕಾದ ಪರೀಕ್ಷೆಗಳು ಇವು. ಗಂಡಸರಿಗೆ ವೀರ್ಯ ಪರೀಕ್ಷೆ. ಹೆಂಗಸರಿಗೆ ಎಎಂಎಚ್, ಎಫ್‌ಎಸ್‌ಎಚ್ ರಕ್ತಪರೀಕ್ಷೆ ಮತ್ತು ಅಂಡಾಶಯದ ಸ್ಕ್ಯಾನಿಂಗ್. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೊ ಅಥವಾ ಎದೆಗೆ ವಿಕಿರಣ ಪಡೆದ ಹೆಂಗಸರು ಗರ್ಭ ಧರಿಸುವ ಮೊದಲು ಹೃದಯದ ಎಕೋ ಪರೀಕ್ಷೆ ಮಾಡಿಸಲೇಬೇಕು. ಗರ್ಭಾವಸ್ಥೆಯಲ್ಲಿ ಹೃದಯಕ್ಕೆ ಹೊರೆ ಹೆಚ್ಚು. ಇತರ ದಂಪತಿಗಳಿಗೆ ಒಂದು ವರ್ಷ ಪ್ರಯತ್ನಿಸಿ ನೋಡಿ ಎನ್ನುತ್ತೇವೆ. ಕ್ಯಾನ್ಸರ್ ಚಿಕಿತ್ಸೆ ಪಡೆದವರು ಅಷ್ಟು ಕಾಯದೆ ಮೊದಲೇ ತಜ್ಞರನ್ನು ಕಾಣಬೇಕು. ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದ ಕೆಲವರಲ್ಲಿ ವೃಷಣದೊಳಗೆ ಸೂಕ್ಷ್ಮದರ್ಶಕದಿಂದ ಹುಡುಕಿದಾಗ ಸಿಗುವುದುಂಟು.

ಮಗುವಿಗೂ ಕ್ಯಾನ್ಸರ್ ಬರುತ್ತದೆಯೇ?

ಕ್ಯಾನ್ಸರ್ ಅಂಟುರೋಗವಲ್ಲ. ಹೆಂಡತಿಗಾಗಲಿ ಗಂಡನಿಗಾಗಲಿ ದಾಂಪತ್ಯದಿಂದ ಹರಡುವುದಿಲ್ಲ. ಹಿಂದೆ ಕೀಮೊ ಪಡೆದವರ ಮಕ್ಕಳಲ್ಲಿ ಅಂಗವೈಕಲ್ಯ ಅಥವಾ ಕ್ಯಾನ್ಸರ್ ಇತರ ಮಕ್ಕಳಿಗಿಂತ ಹೆಚ್ಚಿಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಇದಕ್ಕೆ ಹೊರತಾದದ್ದು ವಂಶವಾಹಿಯಿಂದ ಬರುವ ಕೆಲವು ಕ್ಯಾನ್ಸರ್‌ಗಳು. ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಅದು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದವರಿಗೆಲ್ಲ ಕ್ಯಾನ್ಸರ್ ಬಂದೇ ಬರುತ್ತದೆ ಎಂದೇನಿಲ್ಲ. ತಾಯಿ, ಚಿಕ್ಕಮ್ಮ, ಅಕ್ಕ ಹೀಗೆ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ಅಥವಾ ಬಾಲ್ಯದಲ್ಲಿ ಕಣ್ಣಿನ ಕ್ಯಾನ್ಸರ್ ಆಗಿದ್ದರೆ, ವಂಶವಾಹಿ ಪರೀಕ್ಷೆಯ ಬಗ್ಗೆ ವಿಚಾರಿಸಿ.

ಯುನಾನಿಯಿಂದ ಏನಾಗುತ್ತದೆ, ಏನಾಗುವುದಿಲ್ಲ

ನನ್ನದೇ ಪದ್ಧತಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಕೀಮೊದಿಂದ ನಾಶವಾದ ಅಂಡಾಣುಗಳನ್ನು ಅಥವಾ ವೀರ್ಯದ ಮೂಲ ಕೋಶಗಳನ್ನು ಮರಳಿ ಹುಟ್ಟಿಸುವ ಮಅಜೂನ್ ನನ್ನ ಬಳಿ ಇಲ್ಲ. ಇದೆ ಎಂದು ಹೇಳುವವರಿಗೆ ಹಣ ಕೊಡಬೇಡಿ. ಕೀಮೊ ಪಡೆದವರ ಯಕೃತ್ತು ಮತ್ತು ಮೂತ್ರಪಿಂಡ ಮೊದಲೇ ದಣಿದಿರುತ್ತವೆ. ಲೋಹಭಸ್ಮ ಸೇರಿದ ಕುಷ್ತಾಗಳನ್ನು ಶಕ್ತಿಮದ್ದೆಂದು ಅವರಿಗೆ ಕೊಡಬಾರದು. ಕೀಮೊ ನಡೆಯುತ್ತಿರುವಾಗ ಯಾವ ಗಿಡಮೂಲಿಕೆಯನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇವಿಸಬೇಡಿ. ಮದ್ದಿಗೆ ಮದ್ದು ಅಡ್ಡಬರಬಹುದು.

ಹಾಗಾದರೆ ಯುನಾನಿಯ ಪಾತ್ರವೇನು? ಚಿಕಿತ್ಸೆ ಮುಗಿದ ನಂತರ ದೇಹವನ್ನು ಮತ್ತೆ ಕಟ್ಟುವುದರಲ್ಲಿ ಅದರ ಪಾತ್ರವಿದೆ. ನಮ್ಮ ಹಿರಿಯ ಹಕೀಮರು ಆರೋಗ್ಯಕ್ಕೆ ಆರು ಆಧಾರಗಳನ್ನು ಹೇಳಿದ್ದಾರೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅದಕ್ಕೆ ಹೆಸರು. ಶುದ್ಧ ಗಾಳಿ, ಹಿತವಾದ ಆಹಾರ ಪಾನೀಯ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ಮಲಮೂತ್ರಾದಿಗಳ ಕ್ರಮ. ಬೀಡಿ, ಸಿಗರೇಟು, ಗುಟ್ಕಾ ಬಿಡುವುದು, ತೂಕವನ್ನು ಹಿಡಿತದಲ್ಲಿಡುವುದು, ದಿನವೂ ನಡೆಯುವುದು, ಇಶಾ ನಂತರ ಬೇಗ ಮಲಗುವುದು, ಇವು ಇಬ್ಬರಿಗೂ ಬೇಕಾದ ಪಥ್ಯ. ಗರ್ಭಕ್ಕೆ ಪ್ರಯತ್ನಿಸುವ ಹೆಣ್ಣುಮಗಳು ಫೋಲಿಕ್ ಆಸಿಡ್ ಮಾತ್ರೆಯನ್ನು ಮೊದಲೇ ಆರಂಭಿಸಲಿ. ನಾಲ್ಕನೆಯ ಆಧಾರವಾದ ಮನಸ್ಸಿನ ನೆಮ್ಮದಿಯಂತೂ ಮನೆಯವರ ನಾಲಗೆಯಲ್ಲಿದೆ. “ಏನಾದರೂ ವಿಶೇಷ ಇದೆಯಾ?” ಎಂದು ಪ್ರತಿ ಮದುವೆ ಮನೆಯಲ್ಲೂ ಕೇಳುವುದನ್ನು ದಯವಿಟ್ಟು ನಿಲ್ಲಿಸಿ.

ನಿಕಾಹ್‌ಗೆ ಮೊದಲು ಹೇಳಿಬಿಡಿ

ಹೇಳಿದರೆ ಸಂಬಂಧ ಮುರಿಯುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಹೆಣ್ಣುಮಕ್ಕಳ ತಾಯಂದಿರ ಭಯವಂತೂ ಇನ್ನೂ ಹೆಚ್ಚು. ಊರಿಗೆಲ್ಲ ಸಾರಬೇಕಿಲ್ಲ. ಆದರೆ ಬಾಳ ಸಂಗಾತಿಯಾಗುವವರಿಗೆ, ನಿಶ್ಚಯಕ್ಕೆ ಮೊದಲು, ವೈದ್ಯರ ಕಾಗದದೊಂದಿಗೆ ಹೇಳಬೇಕು. ಯಾವ ಕಾಯಿಲೆ, ಯಾವಾಗ ಗುಣವಾಯಿತು, ಸಂತಾನದ ವಿಷಯದಲ್ಲಿ ಪರೀಕ್ಷೆ ಏನು ಹೇಳುತ್ತದೆ ಎಂಬ ಮೂರೇ ಮಾತು. ಸರಕಿನ ಕುಂದನ್ನು ಮುಚ್ಚಿಟ್ಟು ಮಾರುವುದನ್ನೇ ನಮ್ಮ ಧರ್ಮ ವಂಚನೆ ಎನ್ನುತ್ತದೆ. ನಿಕಾಹ್ ವ್ಯಾಪಾರಕ್ಕಿಂತ ಎಷ್ಟೋ ದೊಡ್ಡ ಕರಾರು. ಇನ್ನೊಂದು ಕಡೆಯವರಿಗೂ ನನ್ನ ವಿನಂತಿಯಿದೆ. ಸತ್ಯ ಹೇಳಿದವರನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸಬೇಡಿ. ವೈದ್ಯರನ್ನು ವಿಚಾರಿಸಿ, ನಂತರ ನಿರ್ಧರಿಸಿ. ಸತ್ಯಕ್ಕೆ ಶಿಕ್ಷೆ ಸಿಕ್ಕರೆ ಮುಂದಿನವರು ಸುಳ್ಳನ್ನೇ ಹೇಳುತ್ತಾರೆ.

ಮಗುವಾಗದಿದ್ದರೆ

ಎಲ್ಲ ಪ್ರಯತ್ನದ ನಂತರವೂ ಮಗುವಾಗದವರಿದ್ದಾರೆ. ಅವರಿಗೆ ಕಫಾಲದ ಬಾಗಿಲು ತೆರೆದಿದೆ. ಅನಾಥ ಮಗುವನ್ನು ತಂದು, ಅದರ ಸ್ವಂತ ತಂದೆಯ ಹೆಸರನ್ನು ಅಳಿಸದೆ ಸಾಕಿ ಬೆಳೆಸುವುದು ಕಫಾಲ. 1890ರ ಪೋಷಕತ್ವ ಕಾಯ್ದೆಯಡಿ ನ್ಯಾಯಾಲಯದಿಂದ ಮಗುವಿನ ಪೋಷಕರಾಗಬಹುದು. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದರಲ್ಲಿ ಮಗು ಕಾನೂನಿನಂತೆ ನಿಮ್ಮದೇ ಆಗುವುದರಿಂದ ವಂಶ ಮತ್ತು ವಾರಸಿನ ಪ್ರಶ್ನೆಗಳನ್ನು ಆಲಿಮರಲ್ಲಿ ಮೊದಲೇ ಕೇಳಿಕೊಳ್ಳಿ. ಎರಡು ವರ್ಷದೊಳಗಿನ ಮಗುವಿಗೆ ಮನೆಯ ಹೆಣ್ಣುಮಗಳು ಹಾಲೂಡಿಸಿ ಸ್ತನ್ಯ ಸಂಬಂಧ ಏರ್ಪಟ್ಟರೆ, ದೊಡ್ಡದಾದ ಮೇಲೆ ಪರ್ದಾದ ತೊಡಕೂ ಇರುವುದಿಲ್ಲ. ಆದರೆ ಆಸ್ಪತ್ರೆಯಿಂದಲೋ ಬಡ ತಾಯಿಯಿಂದಲೋ ಕಾಗದಪತ್ರವಿಲ್ಲದೆ ಮಗುವನ್ನು ತರಬೇಡಿ. ಅದು ಅಪರಾಧ.

ಆರಂಭದಲ್ಲಿ ಹೇಳಿದ ದಂಪತಿ ಏನಾದರು ಎಂದು ನೀವು ಕೇಳಬಹುದು. ವೃಷಣದಲ್ಲಿ ಹುಡುಕಿಸಿದರು, ಸಿಗಲಿಲ್ಲ. ಆ ಹೆಣ್ಣುಮಗಳು ಗಂಡನನ್ನು ಬಿಡಲಿಲ್ಲ. ಒಮ್ಮೆ ನನ್ನೆದುರು ಹೇಳಿದಳು: “ಮೊದಲೇ ಹೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ ಡಾಕ್ಟ್ರೇ. ಎರಡು ವರ್ಷ ನನ್ನನ್ನೇ ದೂರಿದರಲ್ಲ, ಅದು ಮಾತ್ರ ಮರೆಯುವುದಿಲ್ಲ.” ಈಗ ಅವರು ನ್ಯಾಯಾಲಯದ ಮೂಲಕ ಒಂದು ಅನಾಥ ಮಗುವನ್ನು ಸಾಕುತ್ತಿದ್ದಾರೆ. ಕಳೆದ ತಿಂಗಳು ಕೆಮ್ಮೆಂದು ಆ ಮಗುವನ್ನು ನನ್ನಲ್ಲಿಗೆ ಕರೆತಂದವರು ಅದೇ ಅತ್ತೆ. ಮೊಮ್ಮಗಳನ್ನು ಮಡಿಲಿನಿಂದ ಇಳಿಸಲು ಅವರಿಗೆ ಮನಸ್ಸೇ ಇರಲಿಲ್ಲ.

ಆ ಯುವಕನಿಗೆ 22ನೇ ವಯಸ್ಸಿನಲ್ಲಿ, ಕೀಮೊಗೆ ಒಂದು ದಿನ ಮೊದಲು, ಯಾರಾದರೂ ಒಂದು ಮಾತು ಹೇಳಿದ್ದರೆ ಎಂದು ಈಗಲೂ ನನಗನಿಸುತ್ತದೆ. ನಿಮ್ಮ ಬಂಧುಗಳಲ್ಲಿ, ಜಮಾಅತ್‌ನಲ್ಲಿ, ನೆರೆಹೊರೆಯಲ್ಲಿ ಯಾವ ಯುವಕ ಯುವತಿಗೆ ಈ ಕಾಯಿಲೆ ಬಂದಿದೆಯೆಂದು ತಿಳಿದರೂ, ನೋಡಲು ಹೋಗುವಾಗ ಹಣ್ಣಿನ ಜೊತೆಗೆ ಈ ಮಾತನ್ನೂ ಅವರ ತಂದೆ ತಾಯಿಗೆ ತಲುಪಿಸಿ. ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ನೀಡಲಿ, ಬಯಸಿದವರ ಮಡಿಲು ತುಂಬಲಿ. ಆಮೀನ್.